ಮೊದಲ ಪುಟದಲ್ಲೇ ತೀರ್ಪು ಬೇಡ

ಪ್ರೀತಿಯ ತಂಗಿ,

ನಿನ್ನ ಹಸ್ತಪ್ರತಿ ಓದಿ ಮುಗಿಸಿದೆ. ಹದಿನಾಲ್ಕನೆಯ ಶತಮಾನದ ಜಪಾನಿಗೆ ಕೈಹಾಕಿದ ನಿನ್ನ ಧೈರ್ಯ ನನಗೆ ತುಂಬಾ ಹಿಡಿಸಿತು. ಆಗ ಅಲ್ಲಿ ಎರಡು ಆಸ್ಥಾನ, ಇಬ್ಬರು ಚಕ್ರವರ್ತಿಗಳು: ಕ್ಯೋಟೋದ್ದು ಉತ್ತರದ್ದು, ಯೋಶಿನೋದ್ದು ದಕ್ಷಿಣದ್ದು. ಆದರೆ ಯೋಶಿನೋ ಬೆಟ್ಟದ ಗೋ-ದೈಗೋನೇ ನಿಜವಾದ ಚಕ್ರವರ್ತಿ, ಕ್ಯೋಟೋದಲ್ಲಿ ಕೂತವನು ಕಳ್ಳ ಎಂದು ಮೊದಲ ಪುಟದಲ್ಲೇ ತೀರ್ಪು ಕೊಟ್ಟುಬಿಟ್ಟಿದ್ದೀಯಲ್ಲ! 1911ರಲ್ಲಿ ಮೇಜಿ ಚಕ್ರವರ್ತಿಯ ಕಾಲದಲ್ಲೂ ದಕ್ಷಿಣದ ಆಸ್ಥಾನವೇ ಸರಿ ಎಂದು ತೀರ್ಮಾನವಾಯಿತು. ಆ ಚಕ್ರವರ್ತಿಯಾದರೋ ಉತ್ತರದ ವಂಶದವನು. ಅಷ್ಟು ತೊಡಕಿನ ವ್ಯಾಜ್ಯ ಇದು.

ಹಿಂದೆ ಚಕ್ರವರ್ತಿಯಾಗಿದ್ದ ಗೋ-ಸಾಗಾ 1272ರಲ್ಲಿ ತೀರಿಕೊಂಡ ಮೇಲೆ ಅವನ ಇಬ್ಬರು ಮಕ್ಕಳ ವಂಶಗಳು ಪಟ್ಟಕ್ಕಾಗಿ ಕಚ್ಚಾಡಿದವು. ಕಾಮಕುರಾದ ಶೋಗನ್ ಸರ್ಕಾರ, ಅಂದರೆ ಸೇನಾಧಿಪತಿಯ ಆಡಳಿತ, ಎರಡೂ ವಂಶಗಳು ಸರದಿಯಂತೆ ಪಟ್ಟವೇರುವ ಏರ್ಪಾಟು ಮಾಡಿತು. ಅದನ್ನೊಪ್ಪದ ಗೋ-ದೈಗೋ 1333ರಲ್ಲಿ ಆ ಸರ್ಕಾರವನ್ನೇ ಉರುಳಿಸಿದ. ಅದಕ್ಕೆ ಹೆಗಲು ಕೊಟ್ಟಿದ್ದ ಸೇನಾನಿ ಅಶಿಕಾಗಾ ತಕೌಜಿ ಆಮೇಲೆ ತಿರುಗಿಬಿದ್ದು, 1336ರಲ್ಲಿ ಇನ್ನೊಂದು ವಂಶದ ಕೋಮ್ಯೋನಿಗೆ ಕ್ಯೋಟೋದಲ್ಲಿ ಪಟ್ಟ ಕಟ್ಟಿದ. ಗೋ-ದೈಗೋ, ಕೋಮ್ಯೋ ಇಬ್ಬರೂ ಗೋ-ಸಾಗಾನ ವಂಶದ ಕುಡಿಗಳೇ.

ನಿನ್ನ ತಕೌಜಿ ಬರೀ ಖಳ. ಆದರೆ 1339ರಲ್ಲಿ ಗೋ-ದೈಗೋ ಯೋಶಿನೋದಲ್ಲಿ ಸತ್ತಾಗ, ಝೆನ್ ಗುರು ಮುಸೋ ಸೊಸೆಕಿಯ ಮಾತು ಕೇಳಿ, ಆ ಶತ್ರುವಿನ ಆತ್ಮಶಾಂತಿಗೆಂದು ತೆನ್ರ್ಯೂಜಿ ಮಂದಿರ ಕಟ್ಟಿಸಿದವನು ಅವನೇ. ಹಣ ಹೊಂದಿಸಲು ಚೀನಾಕ್ಕೆ ವ್ಯಾಪಾರದ ಹಡಗು ಹೋಯಿತು. ಸತ್ತವನ ಭಯವೋ, ಹಳೆಯ ಋಣವೋ? ನೀನು ಇಲ್ಲಿ ಅವಸರಪಡದೆ ಕೂತು ಬರೆಯಬೇಕು.

ಯುದ್ಧಗಳನ್ನು ಅರ್ಧಕ್ಕರ್ಧ ಕಡಿಮೆ ಮಾಡು. ಬದಲಿಗೆ ಒಬ್ಬ ಕರಣಿಕನನ್ನು ತಂದುಕೋ. ಎರಡೂ ಆಸ್ಥಾನಗಳು ಬೇರೆ ಬೇರೆ ಶಕೆ ಎಣಿಸುತ್ತಿದ್ದವು: 1339 ಎಂದರೆ ಕ್ಯೋಟೋದವರಿಗೆ ರ್ಯಾಕುಓ 2, ಯೋಶಿನೋದವರಿಗೆ ಎಂಗೆನ್ 4. ಜಮೀನಿನ ಪತ್ರಕ್ಕೆ ತಾರೀಖು ಹಾಕಿದರೆ ಯಾರ ಕಡೆಯವನೆಂದು ಹೇಳಿದ ಹಾಗೆಯೇ. ಪತ್ರವೆಲ್ಲ ಬರೆದು, ಕುಂಚಕ್ಕೆ ಮತ್ತೆ ಮಸಿ ಹಿಡಿಸಿ, ವರ್ಷ ಬರೆಯುವ ಜಾಗದಲ್ಲಿ ಅವನ ಕೈ ತಡೆಯಲಿ. ಒಡೆಯ ಪಕ್ಕದಲ್ಲೇ ಕಾಯುತ್ತಿರಲಿ. 1351ರಲ್ಲಿ ತಮ್ಮ ತದಯೋಶಿಯ ಮೇಲಿನ ಹಗೆಗೆ ತಕೌಜಿಯೇ ದಕ್ಷಿಣಕ್ಕೆ ಶರಣಾಗಿ ಅವರ ಶಕೆ ಒಪ್ಪಿಕೊಂಡನಲ್ಲ, ಆ ವಾರ ಕರಣಿಕನ ಪಾಡೇನಾಯಿತು? ಅದನ್ನು ಓದಲು ನನಗೆ ಆಸೆ.

ಕೊನೆಯನ್ನೂ ತಿದ್ದು. 1392ರ ಸಂಧಿಗೆ ನಿಲ್ಲಿಸಿದ್ದೀಯ. ಸರದಿ ಮತ್ತೆ ನಡೆಯುತ್ತದೆಂಬ ಶೋಗನ್ ಯೋಶಿಮಿತ್ಸುವಿನ ಮಾತು ನಂಬಿ ದಕ್ಷಿಣದ ಚಕ್ರವರ್ತಿ ಗೋ-ಕಮೆಯಾಮಾ ರಾಜಲಾಂಛನಗಳನ್ನು ಒಪ್ಪಿಸಿದ. 1412ರಲ್ಲಿ ಪಟ್ಟ ಉತ್ತರದವರ ಮಗನಿಗೇ ಹೋಯಿತು. ಆ ಇಪ್ಪತ್ತು ವರ್ಷ ಗೋ-ಕಮೆಯಾಮಾ ಹೇಗೆ ಕಾದ ಎಂಬ ಅಧ್ಯಾಯ ಬರೆದು ಕಳಿಸು.

ಇಂತಿ,
ನಿನ್ನ ಅಕ್ಕ