ಗೇಮ್‌ಗೆ ಇಳಿಯುವ ಮೊದಲು ಅರ್ಧ ಗಂಟೆ ಕಾಲಿಗೂ ಸರ್ವಿಸ್‌ಗೂ ಕೊಡಿ

ಮಾನ್ಯ ಸಂಪಾದಕರೇ,

ಮಳೆ ಬಿಟ್ಟಿತೆಂದರೆ ಮಂಗಳೂರಿನಿಂದ ಬೈಂದೂರಿನವರೆಗೆ ಹೊನಲು ಬೆಳಕಿನ ಶಟಲ್ ಪಂದ್ಯಾಟಗಳ ಬ್ಯಾನರ್‌ಗಳು ಏಳುತ್ತವೆ. ಆಡುವ ಮಕ್ಕಳಿಗೇನೂ ನಮ್ಮಲ್ಲಿ ಬರವಿಲ್ಲ. ಆದರೆ ಸಂಜೆ ಹೊತ್ತು ಒಳಾಂಗಣ ಕೋರ್ಟ್‌ಗಳಲ್ಲಿ ಸಾಮಾನ್ಯವಾಗಿ ಕಾಣುವುದು ಇಷ್ಟು: ಬಂದವರು ಎರಡು ನಿಮಿಷ ಕೈ ಬೀಸಿ ನೇರ ಡಬಲ್ಸ್ ಗೇಮ್‌ಗೆ ಇಳಿಯುತ್ತಾರೆ. ಎಂಟು ಮಂದಿ ಒಂದು ಕೋರ್ಟ್ ಹಂಚಿಕೊಂಡರೆ ಒಂದು ಮಗುವಿಗೆ ಅರ್ಧ ಹೊತ್ತು ಬೆಂಚು. ಉಳಿದ ಅರ್ಧದಲ್ಲಿ ಬ್ಯಾಕ್‌ಹ್ಯಾಂಡ್ ಮೂಲೆಗೆ, ಅಂದರೆ ರಾಕೆಟ್ ಹಿಡಿಯದ ಕೈಯ ಕಡೆಗೆ, ಶಟಲ್ ಬರುವುದು ಬೆರಳೆಣಿಕೆಯಷ್ಟು ಸಲ. ಬಂದಾಗಲೂ ಮಗು ತನಗೆ ಬರುವ ಹೊಡೆತಕ್ಕೇ ಜೋತುಬೀಳುತ್ತದೆ. ಬಾರದ್ದು ವರ್ಷಗಟ್ಟಲೆ ಬಾರದೆಯೇ ಉಳಿಯುತ್ತದೆ. ಕ್ಲಬ್‌ಗಳವರಲ್ಲಿ, ಪಿಟಿ ಮಾಸ್ಟ್ರುಗಳಲ್ಲಿ, ಹೆತ್ತವರಲ್ಲಿ ನನ್ನ ಕೋರಿಕೆ ಒಂದೇ. ಒಂದೂವರೆ ಗಂಟೆಯ ಆಟದಲ್ಲಿ ಮೊದಲ ಅರ್ಧ ಗಂಟೆಯನ್ನು ಗೇಮ್‌ಗೆ ಕೊಡಬೇಡಿ. ಹದಿನೈದು ನಿಮಿಷ ಕಾಲಿಗೆ, ಹದಿನೈದು ನಿಮಿಷ ಸರ್ವಿಸ್‌ಗೆ ಇರಲಿ.

ಸರ್ವಿಸ್‌ನಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ಇಡೀ ಆಟದಲ್ಲಿ ಎದುರಾಳಿಯ ಕಾಟವಿಲ್ಲದೆ ಹೊಡೆಯಲು ಸಿಗುವ ಹೊಡೆತ ಅದೊಂದೇ. ಡಬಲ್ಸ್‌ನ ಬ್ಯಾಕ್‌ಹ್ಯಾಂಡ್ ಲೋ ಸರ್ವಿಸ್‌ಗೆ, ಅಂದರೆ ನೆಟ್‌ಗೆ ಸವರಿದಂತೆ ತಗ್ಗಿನಲ್ಲಿ ದಾಟಿಸುವ ಸರ್ವಿಸ್‌ಗೆ, ಬೇಕಾದ ಸಾಮಾನು ಒಂದು ದಾರ ಮತ್ತು ಎರಡು ಕೋಲು. ನೆಟ್‌ನ ಬಿಳಿ ಪಟ್ಟಿಯಿಂದ ಒಂದು ಗೇಣು ಮೇಲೆ ದಾರವನ್ನು ಅಡ್ಡಕ್ಕೆ ಬಿಗಿಯಾಗಿ ಕಟ್ಟಿ. ಆಚೆ ಬದಿಯಲ್ಲಿ, ನೆಟ್‌ನಿಂದ 1.98 ಮೀಟರ್ ದೂರದ ಸರ್ವಿಸ್ ಗೆರೆಗೆ ನಡುಗೆರೆ ಬಂದು ಸೇರುವ ಕಡೆ, ಗೆರೆಯ ಹಿಂದೆ ಒಂದು ಹಳೆಯ ಪೇಪರ್ ಹಾಸಿ. ದಾರಕ್ಕೂ ಪಟ್ಟಿಗೂ ನಡುವೆ ಹಾದು ಪೇಪರ್ ಮೇಲೆ ಬಿದ್ದದ್ದಷ್ಟೇ ಲೆಕ್ಕ. ಇಪ್ಪತ್ತರ ಮೂರು ಸರದಿ ಮಾಡಿಸಿ, ಪ್ರತಿ ಸರದಿಯ ಅಂಕ ಬರೆದಿಡಿ.

ಬಲಗೈ ಆಟಗಾರನಾದರೆ ಬಲಗಾಲು ಮುಂದೆ, ಭಾರ ಅದರ ಮೇಲೆ. ಎಡಗೈಯ ಹೆಬ್ಬೆರಳು ಮತ್ತು ತೋರುಬೆರಳಲ್ಲಿ ಗರಿಯ ತುದಿಯನ್ನಷ್ಟೇ ಹಿಡಿದು ಕಾರ್ಕ್ ರಾಕೆಟ್ ಕಡೆಗೆ ಇರಲಿ. ರಾಕೆಟ್ ಹಿಂದಕ್ಕೆ ಸರಿಯುವುದು ನಾಲ್ಕೈದು ಇಂಚು ಸಾಕು. ಹಿಡಿಯ ಅಗಲ ಬದಿಗೆ ಒತ್ತಿದ ಹೆಬ್ಬೆರಳಿನಿಂದಲೇ ತಳ್ಳಬೇಕು, ಮಣಿಕಟ್ಟು ಬೀಸಬಾರದು. ಶಟಲ್ ತನ್ನ ಎತ್ತರದ ತುದಿಯನ್ನು ನಮ್ಮ ಬದಿಯಲ್ಲೇ ಮುಟ್ಟಿ ನೆಟ್ ದಾಟುವಾಗ ಇಳಿಯುತ್ತಿರಬೇಕು. ನೆಟ್ ದಾಟಿದ ಮೇಲೂ ಏರುತ್ತಿದ್ದರೆ ಎದುರಾಳಿ ಅದನ್ನು ಬಿಡುವುದಿಲ್ಲ. ಹಾಗೆ ಏರುವುದಕ್ಕೆ ಕಾರಣ ಹೆಚ್ಚಾಗಿ ಎರಡು: ಶಟಲನ್ನು ತೀರಾ ಕೆಳಗೆ, ಹೊಟ್ಟೆಗೆ ತಾಗಿಸಿದಂತೆ ಹಿಡಿಯುವುದು, ಮತ್ತು ಕೊನೆ ಗಳಿಗೆಯಲ್ಲಿ ಮಣಿಕಟ್ಟು ಜಾಡಿಸುವುದು. ನೆಟ್‌ಗೇ ಬೀಳುತ್ತಿದ್ದರೆ ಭುಜ ಬಿಗಿದಿದೆಯೇ ನೋಡಿ. ಒಮ್ಮೆ ಉಸಿರು ಹೊರಬಿಟ್ಟು ಹೊಡೆಯಲು ಹೇಳಿದರೆ ಎಷ್ಟೋ ಮಕ್ಕಳಲ್ಲಿ ಆ ಬಿಗಿ ಅಲ್ಲೇ ಸಡಿಲುತ್ತದೆ.

ಇಪ್ಪತ್ತರಲ್ಲಿ ಹದಿನೈದು ಸರಿಬಿದ್ದ ಮೇಲೆ ಎದುರಿಗೆ ಒಬ್ಬನನ್ನು ರಾಕೆಟ್ ಎತ್ತಿ ನಿಲ್ಲಿಸಿ. ಅವನು ಹೊಡೆಯಬೇಕಾಗಿಲ್ಲ, ಮುನ್ನುಗ್ಗಿದರೆ ಸಾಕು. ಖಾಲಿ ಕೋರ್ಟ್‌ಗೆ ಚೆನ್ನಾಗಿ ಹಾಕುತ್ತಿದ್ದವರ ಅಂಕ ಕೂಡಲೇ ಇಳಿಯುತ್ತದೆ. ನಿಜವಾದ ಅಭ್ಯಾಸ ಅಲ್ಲಿಂದ ಶುರು. ಆಮೇಲೆ ಐದಕ್ಕೆ ಒಂದರಂತೆ ಫ್ಲಿಕ್, ಅಂದರೆ ಮುನ್ನುಗ್ಗುವವನ ತಲೆಯ ಮೇಲಿಂದ ಹಿಂದಕ್ಕೆ ಹಾರಿಸುವ ಸರ್ವಿಸ್, ಸೇರಿಸಿ. ನಿಲುವು, ಕೈ ಹಿಂದೆ ಹೋಗುವ ಬಗೆ ಲೋ ಸರ್ವಿಸ್‌ನಂತೆಯೇ ಇರಬೇಕು, ಕೊನೆಯಲ್ಲಿ ಮಾತ್ರ ಬೆರಳು ಬಿಗಿಯಬೇಕು.

ಇಲ್ಲೊಂದು ನಿಯಮದ ಮಾತು. ಅಂತಾರಾಷ್ಟ್ರೀಯ ಪಂದ್ಯಗಳಲ್ಲಿ 2018ರಿಂದ ರಾಕೆಟ್ ತಾಗುವ ಗಳಿಗೆಯಲ್ಲಿ ಇಡೀ ಶಟಲ್ ನೆಲದಿಂದ 1.15 ಮೀಟರ್‌ಗಿಂತ ಕೆಳಗಿರಬೇಕು. ಅಂದರೆ ಸುಮಾರು ಮೂರು ಅಡಿ ಒಂಬತ್ತು ಇಂಚು. ಅದಕ್ಕೆ ಮೊದಲು ಇದ್ದದ್ದು ಸೊಂಟದ ಲೆಕ್ಕ, ಊರಿನ ಪಂದ್ಯಾಟಗಳಲ್ಲಿ ಈಗಲೂ ಅದು ನಡೆಯುತ್ತದೆ. ಯಾವುದನ್ನು ಹಿಡಿಯುತ್ತೇವೆಂದು ಸಂಘಟಕರು ಮೊದಲೇ ಹೇಳಿಬಿಟ್ಟರೆ ಮಧ್ಯರಾತ್ರಿಯ ಸೆಮಿಫೈನಲ್‌ನಲ್ಲಿ ಜಗಳ ತಪ್ಪುತ್ತದೆ. ಅಭ್ಯಾಸದ ಹಾಲ್‌ನ ಗೋಡೆಗೆ 1.15 ಮೀಟರ್ ಎತ್ತರದಲ್ಲಿ ಒಂದು ಬಣ್ಣದ ಗೆರೆ ಎಳೆಯಲು ಖರ್ಚೇನೂ ಇಲ್ಲ.

ಇನ್ನು ಕಾಲು. ನೆಟ್ ಹತ್ತಿರದ ಎರಡು ಮೂಲೆ, ಎರಡು ಪಕ್ಕ, ಹಿಂದಿನ ಎರಡು ಮೂಲೆ, ಹೀಗೆ ಆರು ಕಡೆಗೆ ಹೋಗಿ ನಡುವಿಗೆ ಮರಳಬೇಕು. ಶಟಲ್ ಬೇಡ. ನೆಟ್‌ನ ಆಚೆ ನಿಂತವರು ಕೈ ತೋರಿಸಿದ ಕಡೆ ಓಡಬೇಕು: ಇಪ್ಪತ್ತು ಸೆಕೆಂಡ್ ಓಟ, ನಲವತ್ತು ಸೆಕೆಂಡ್ ವಿಶ್ರಾಂತಿ, ಆರು ಸರದಿ. ಹನ್ನೆರಡರ ಒಳಗಿನ ಮಕ್ಕಳಿಗೆ ನಾಲ್ಕು ಸಾಕು. ಮೊದಲ ಕೆಲವು ದಿನ ಗಡಿಯಾರವೇ ಬೇಡ, ನಿಧಾನಕ್ಕೆ ಹೆಜ್ಜೆ ಕೂರಲಿ. ಹೆಜ್ಜೆ ಕೂರುವ ಮೊದಲೇ ವೇಗ ಕೇಳಿದರೆ ತಪ್ಪು ಹೆಜ್ಜೆಯೇ ಗಟ್ಟಿಯಾಗುತ್ತದೆ.

ಇದರಲ್ಲಿ ಎಲ್ಲರೂ ಬಿಟ್ಟುಬಿಡುವುದು ಸ್ಪ್ಲಿಟ್ ಸ್ಟೆಪ್. ಎದುರಾಳಿ ಹೊಡೆಯುವ ಗಳಿಗೆಗೆ ಸರಿಯಾಗಿ ಒಂದು ಪುಟ್ಟ ಕುಪ್ಪಳಿಕೆ. ಇಳಿಯುವಾಗ ಪಾದಗಳು ಭುಜಕ್ಕಿಂತ ತುಸು ಅಗಲ, ಹಿಮ್ಮಡಿ ಹಗುರ. ಇದಿಲ್ಲದೆ ಚಪ್ಪಟೆ ಪಾದದಲ್ಲಿ ನಿಂತವನು ಮೊದಲ ಹೆಜ್ಜೆಗೇ ತಡವಾಗುತ್ತಾನೆ, ಆ ತಡವನ್ನು ಮುಂದೆ ಎಷ್ಟು ಓಡಿದರೂ ತುಂಬಿಸಲಾಗದು. ಕೈ ತೋರಿಸುವವರು ತೋರಿಸುವ ಮುನ್ನ ರಾಕೆಟ್ ಬೀಸಿದಂತೆ ಮಾಡಬೇಕು, ಆಗ ಕುಪ್ಪಳಿಕೆಯ ಸಮಯ ತಾನಾಗಿ ಕೂಡಿಬರುತ್ತದೆ.

ನೆಟ್ ಕಡೆಯ ಲಂಜ್‌ನಲ್ಲಿ, ಅಂದರೆ ಮೊಣಕಾಲು ಮಡಚಿ ಉದ್ದಕ್ಕೆ ಚಾಚುವ ಕೊನೆಯ ಹೆಜ್ಜೆಯಲ್ಲಿ, ಬಲಗಾಲಿನ ಹಿಮ್ಮಡಿ ಮೊದಲು ನೆಲ ಮುಟ್ಟಬೇಕು, ಬೆರಳುಗಳು ಹೋಗುವ ದಿಕ್ಕಿಗೇ ಇರಬೇಕು, ಮೊಣಕಾಲು ಒಳಕ್ಕೆ ವಾಲಬಾರದು. ಎಡಗಾಲು ಒಳಅಂಚಿನಲ್ಲಿ ಎಳೆದುಕೊಂಡು ಬರಲಿ, ಎಡಗೈ ಹಿಂದಕ್ಕೆ ಚಾಚಿರಲಿ. ಬೆರಳ ಮೇಲೆ ಧೊಪ್ಪನೆ ಇಳಿದರೆ ಪೆಟ್ಟು ಮೊಣಕಾಲಿಗೆ. ನಮ್ಮ ಅಂಗಳಗಳ ಸಿಮೆಂಟ್ ಮತ್ತು ಇಂಟರ್‌ಲಾಕ್ ಆ ಪೆಟ್ಟನ್ನು ಚೂರೂ ಹೀರುವುದಿಲ್ಲ, ಆದ್ದರಿಂದ ಅಲ್ಲಿ ಲಂಜ್‌ಗಳ ಸಂಖ್ಯೆ ಅರ್ಧಕ್ಕೆ ಇಳಿಸಿ. ಮಳೆಗಾಲದಲ್ಲಿ ಬೆವರುವ ಟೈಲ್ಸ್ ನೆಲದಲ್ಲಿ ಲಂಜ್ ಬೇಡವೇ ಬೇಡ. ಓಟದ ಶೂಗಳ ದಪ್ಪ ಹಿಮ್ಮಡಿ ಪಕ್ಕಕ್ಕೆ ಹೆಜ್ಜೆಯಿಟ್ಟಾಗ ಪಾದವನ್ನು ಮಗುಚುತ್ತದೆ. ದುಬಾರಿ ರಾಕೆಟ್‌ಗಿಂತ ಮೊದಲು ತೆಳು ಅಟ್ಟೆಯ, ಹಿಡಿತವಿರುವ ಬ್ಯಾಡ್ಮಿಂಟನ್ ಶೂ ಕೊಡಿಸಿ.

ಹಿಂದಿನ ಮೂಲೆಗೆ ಹೋಗುವಾಗ ಮೊದಲು ಸೊಂಟ ತಿರುಗಿ ಬಲಗಾಲು ಹಿಂದೆ ಹೋಗಬೇಕು, ಎದೆ ನೆಟ್‌ಗೆ ಇಟ್ಟುಕೊಂಡೇ ಹಿಂದೆ ಓಡಬಾರದು. ಮಕ್ಕಳ ಸ್ಮ್ಯಾಶ್ ಕೆಡುವುದು ಇಲ್ಲಿಯೇ. ಶಟಲ್ ತಲೆಯ ಹಿಂದಿದ್ದರೆ ರಾಕೆಟ್‌ನ ಮುಖ ಮೇಲಕ್ಕೆ ತಿರುಗಿ ಹೊಡೆತ ಬಲವಿಲ್ಲದೆ ತೇಲುತ್ತದೆ. ಕಾದು ಕಾದು ಮುಂದೆ ತಗ್ಗಿದ ಮೇಲೆ ಹೊಡೆದರೆ ನೆಟ್‌ಗೆ. ಸ್ಮ್ಯಾಶ್ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯುವುದಿಲ್ಲ, ಅದನ್ನು ಮಕ್ಕಳು ಹೇಳದೆಯೇ ಹೊಡೆಯುತ್ತಾರೆ. ಮೊದಲು ಬರಬೇಕಾದ್ದು ಟಾಸ್, ಅಂದರೆ ಎದುರಾಳಿಯ ಹಿಂದಿನ ಗೆರೆಯವರೆಗೆ ಎತ್ತರಕ್ಕೆ ಕಳಿಸುವ ಕ್ಲಿಯರ್. ಹಿಂದಿನ ಎರಡು ಗೆರೆಗಳ ನಡುವೆ 76 ಸೆಂಟಿಮೀಟರ್ ಪಟ್ಟಿಯಿದೆ. ಇಬ್ಬರು ಎದುರುಬದುರು ನಿಂತು ನೇರಕ್ಕೆ ಇಪ್ಪತ್ತು ಟಾಸ್ ಹೊಡೆದು ಎಷ್ಟು ಆ ಪಟ್ಟಿಗೆ ತಲುಪಿತೆಂದು ಮೂರನೆಯವನು ಎಣಿಸಲಿ. ಆಮೇಲೆ ಅದೇ ನಿಲುವು, ಅದೇ ಕೈ ಎತ್ತಿಕೆಯಿಂದ ಡ್ರಾಪ್, ಅಂದರೆ ನೆಟ್ ದಾಟಿದ ಕೂಡಲೇ ಇಳಿಯುವ ಹಗುರ ಹೊಡೆತ. ಅದು ಎದುರು ಬದಿಯ ಸರ್ವಿಸ್ ಗೆರೆಗೂ ನೆಟ್‌ಗೂ ನಡುವೆಯೇ ಬೀಳಬೇಕು. 1980ರಲ್ಲಿ ಆಲ್ ಇಂಗ್ಲೆಂಡ್ ಗೆದ್ದ ಪ್ರಕಾಶ್ ಪಡುಕೋಣೆ ಅವರ ಹೆಸರಿನಲ್ಲಿರುವುದು ನಮ್ಮ ಕುಂದಾಪುರ ಸೀಮೆಯ ಊರು. ಜಿಗಿದು ಸ್ಮ್ಯಾಶ್ ಹೊಡೆಯುವುದರಲ್ಲಿ ಹೆಸರಾದ ಇಂಡೋನೇಷ್ಯಾದ ಲಿಯೆಮ್ ಸ್ವೀ ಕಿಂಗ್ ಅವರನ್ನು ಫೈನಲ್‌ನಲ್ಲಿ ಅವರು ಸೋಲಿಸಿದ್ದು ಬಲಕ್ಕೆ ಬಲ ಕೊಟ್ಟಲ್ಲ. ಶಟಲ್ ಎಲ್ಲಿಗೆ ಹೋಗುತ್ತದೆಂದು ಕೊನೆಯವರೆಗೂ ಗುಟ್ಟು ಬಿಡದ ಕೈ ಅವರದು. ಆ ಗುಟ್ಟಿನ ಅಡಿಪಾಯ ಈ ಒಂದೇ ತರಹದ ಕೈ ಎತ್ತಿಕೆ.

ಕರಾವಳಿಯವರು ಗಮನಿಸಬೇಕಾದ ಇನ್ನೊಂದು ವಿಷಯ ಬೆವರು. ಹಿಡಿ ಜಾರುತ್ತದೆಂದು ಮಕ್ಕಳು ರಾಕೆಟನ್ನು ದೋಸೆಯ ಸಟ್ಟುಗದಂತೆ ಗಟ್ಟಿಯಾಗಿ ಹಿಡಿದುಬಿಡುತ್ತಾರೆ. ಮುಷ್ಟಿ ಬಿಗಿದೇ ಇದ್ದರೆ ಮುಂಗೈ ತಿರುಗುವುದಿಲ್ಲ, ಟಾಸ್ ಅರ್ಧ ಕೋರ್ಟ್‌ಗೇ ಬೀಳುತ್ತದೆ, ನೆಟ್ ಹತ್ತಿರ ಮೆಲ್ಲನೆ ತಟ್ಟಿ ದಾಟಿಸುವ ಡ್ರಿಬಲ್ ಎಗರಿಬಿಡುತ್ತದೆ. ಹಿಡಿತ ಸಡಿಲವಾಗಿದ್ದು ತಾಗುವ ಗಳಿಗೆಯಲ್ಲಿ ಮಾತ್ರ ಬಿಗಿಯಬೇಕು. ಟವೆಲ್ ಗ್ರಿಪ್ ಸುತ್ತಿ, ಇಲ್ಲವೇ ಮೇಲಿನ ಗ್ರಿಪ್ಪನ್ನು ಜಾರತೊಡಗಿದ ಕೂಡಲೇ ಬದಲಿಸಿ. ಮಕ್ಕಳ ರಾಕೆಟ್‌ಗೆ ತಂತಿ 20ರಿಂದ 22 ಪೌಂಡ್ ಬಿಗಿ ಸಾಕು. ದೊಡ್ಡ ಆಟಗಾರರನ್ನು ನೋಡಿ 28ಕ್ಕೆ ಹಾಕಿಸಿದರೆ ನೋಯುವುದು ಮೊಣಕೈ.

ಶಟಲ್ ದುಬಾರಿಯಾಯಿತು, ಡ್ರಿಲ್‌ಗೆ ಎಲ್ಲಿಂದ ತರುವುದು ಎಂಬ ಪ್ರಶ್ನೆ ನ್ಯಾಯವಾದದ್ದು. ಗೇಮ್ ಮುಗಿದ ಮೇಲೆ ಒಂದೆರಡು ಗರಿ ಮುರಿದವನ್ನು ಎಸೆಯದೆ ಒಂದು ಬಕೆಟ್‌ಗೆ ಹಾಕಿಡಿ. ಒಬ್ಬರು ಕೈಯಿಂದ ಒಂದೊಂದೇ ಎಸೆದು ಇನ್ನೊಬ್ಬರು ಹೊಡೆಯುವ ಅಭ್ಯಾಸಕ್ಕೆ ಅವು ಧಾರಾಳ ಸಾಕು. ಸರದಿಗೆ ಹತ್ತು-ಹನ್ನೆರಡು ಎಸೆಯಿರಿ, ಮೊದಲು ಗೊತ್ತಿರುವ ಮೂಲೆಗೆ, ಬಳಿಕ ಗೊತ್ತಿಲ್ಲದ ಮೂಲೆಗೆ. ಹೊಡೆದವನು ನಡುವಿಗೆ ಮರಳಿ ಕುಪ್ಪಳಿಸುವ ತನಕ ಮುಂದಿನದನ್ನು ಎಸೆಯಬೇಡಿ. ಸರ್ವಿಸ್ ಮತ್ತು ಡ್ರಿಬಲ್‌ಗೆ ಮಾತ್ರ ಗರಿ ಸರಿಯಿರುವುದೇ ಬೇಕು, ಮುರಿದದ್ದು ಓಲಾಡುತ್ತದೆ.

ಒಳಾಂಗಣ ಸಿಗದ ಊರುಗಳಲ್ಲೂ ಇದರಲ್ಲಿ ಅರ್ಧದಷ್ಟು ಆಗುತ್ತದೆ. ಸಂಜೆಯ ಕಡಲ ಗಾಳಿಗೆ ಬಯಲಿನಲ್ಲಿ ಟಾಸ್ ಕಲಿಯಲು ಹೋಗಬೇಡಿ, ಗಾಳಿಗೆ ತಕ್ಕಂತೆ ಕೈ ಕೆಡುತ್ತದೆ. ಶಟಲ್ ಇಲ್ಲದ ಕಾಲಿನ ಅಭ್ಯಾಸ ಅಂಗಳದಲ್ಲಿ, ಲೋ ಸರ್ವಿಸ್ ಗಾಳಿ ಬಾರದ ಜಗಲಿಯಲ್ಲಿ ನಡೆಯಲಿ. ಉಡುಪಿಯ ಅಜ್ಜರಕಾಡಿನಂತಹ, ಮಂಗಳೂರಿನ ಯು.ಎಸ್. ಮಲ್ಯ ಒಳಾಂಗಣದಂತಹ ಸಾರ್ವಜನಿಕ ಕ್ರೀಡಾಂಗಣಗಳ ಹೊಣೆ ಹೊತ್ತವರು ವಾರಕ್ಕೆ ಎರಡು ದಿನ, ಶಾಲೆ ಬಿಟ್ಟ ಮೇಲಿನ ಒಂದು ಗಂಟೆ, ಒಂದು ಕೋರ್ಟನ್ನು ಅಭ್ಯಾಸಕ್ಕೆಂದೇ ಮೀಸಲಿಡಲಿ. ಆ ಹೊತ್ತಿನಲ್ಲಿ ಅಲ್ಲಿ ಸ್ಕೋರ್ ಹೇಳುವಂತಿಲ್ಲ ಎಂಬುದೊಂದೇ ಷರತ್ತಿದ್ದರೆ ಸಾಕು.

– ಬ್ಯಾಡ್ಮಿಂಟನ್ ತರಬೇತುದಾರರೊಬ್ಬರು, ಉಡುಪಿ