ಮನೆಯೊಳಗೆ ಇನ್ನು ಒಣ ಪೊರಕೆ ಇಲ್ಲ: ಹಾಸನದ ನಮ್ಮ ಗ್ರಾಹಕರಿಗೆ ಪತ್ರ

ನಮಸ್ಕಾರ.

ಮುಂದಿನ ತಿಂಗಳು 1ನೇ ತಾರೀಖಿನಿಂದ ನಿಮ್ಮ ಮನೆ ಸ್ವಚ್ಛ ಮಾಡಲು ಬರುವ ನಮ್ಮ ಹೆಣ್ಣುಮಕ್ಕಳು ಒಳಗೆ ಪೊರಕೆ ಹಿಡಿಯುವುದಿಲ್ಲ. ಒದ್ದೆ ಬಟ್ಟೆ, ಮಾಪ್ ಮತ್ತು ಧೂಳು ಎಳೆಯುವ ವ್ಯಾಕ್ಯೂಮ್‌ನಲ್ಲೇ ಕೆಲಸ ಮಾಡುತ್ತಾರೆ. ಇದಕ್ಕೆ ಸಮಯ ಜಾಸ್ತಿ ಹಿಡಿಯುತ್ತದೆ, ದರವೂ ಸ್ವಲ್ಪ ಏರುತ್ತದೆ. ದುಡ್ಡು ಜಾಸ್ತಿ ಕೇಳುವಾಗ ಕಾರಣ ಪೂರ್ತಿ ಹೇಳಬೇಕು. ಅದಕ್ಕೇ ಈ ಪತ್ರ.

ಮಾತು ಶುರುವಾಗಿದ್ದು ಸಾಲಗಾಮೆ ರಸ್ತೆಯ ಒಂದು ಮನೆಯಲ್ಲಿ. “ನೀವು ಹೋಗಿ ಒಂದು ಗಂಟೆ ಆಗಿರಲ್ಲ, ಟಿವಿ ಮೇಲೆ ಮತ್ತೆ ಧೂಳು” ಎಂದು ಆ ಮನೆಯ ಅಮ್ಮ ಬೇಜಾರು ಮಾಡಿಕೊಂಡರು. ನಮಗೆ ನಂಬಿಕೆ ಬರಲಿಲ್ಲ. ಮುಂದಿನ ಸಲ ನಮ್ಮಲ್ಲೊಬ್ಬರು ಕೆಲಸ ಮುಗಿಸಿ ಅಲ್ಲೇ ಕೂತು ನೋಡಿದರು. ಕಿಟಕಿಯಿಂದ ಬಿಸಿಲುಕೋಲು ಬೀಳುತ್ತಿತ್ತು. ಗುಡಿಸಿ ಆಯಿತು ಅಂದುಕೊಂಡಿದ್ದ ಧೂಳೆಲ್ಲ ಅದರಲ್ಲಿ ತೇಲುತ್ತಿತ್ತು. ನಿಧಾನವಾಗಿ ಟಿವಿ ಮೇಲೆ, ದೇವರ ಫೋಟೋ ಮೇಲೆ, ದಿಂಬಿನ ಮೇಲೆ ಇಳಿಯುತ್ತಿತ್ತು. ಅಮ್ಮ ಹೇಳಿದ್ದು ನಿಜ.

ಪೊರಕೆಗೆ ಸಿಗುವುದು ಕೂದಲು, ಹರಳು, ಕಸ. ಸಣ್ಣ ಧೂಳು ಪೊರಕೆ ಬೀಸಿದ ಗಾಳಿಗೇ ಮೇಲೇಳುತ್ತದೆ. ನಮ್ಮ ತಲೆಕೂದಲಿನ ದಪ್ಪ ಸುಮಾರು 50ರಿಂದ 70 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ). ಉಸಿರಿನ ಜೊತೆ ಎದೆಗೆ ಇಳಿಯುವ ಧೂಳು 10 ಮೈಕ್ರಾನ್‌ಗಿಂತ ಸಣ್ಣದು. ಅದರಲ್ಲೂ ತೀರಾ ಸಣ್ಣ ಕಣಗಳು ಗಂಟೆಗಟ್ಟಲೆ ಗಾಳಿಯಲ್ಲೇ ಇರುತ್ತವೆ. ಅದು ಬರೀ ಬೀದಿ ಮಣ್ಣೂ ಅಲ್ಲ. ಬಟ್ಟೆಯ ಎಳೆ, ನಮ್ಮ ಮೈಯಿಂದ ಉದುರುವ ಚರ್ಮದ ಹೊಟ್ಟು, ಊದುಬತ್ತಿಯ ಹೊಗೆಯ ಕಣ ಎಲ್ಲವೂ ಸೇರಿರುತ್ತವೆ. ಆ ಹೊಟ್ಟನ್ನೇ ತಿಂದು ಹಾಸಿಗೆಯಲ್ಲಿ ಬದುಕುವ ಒಂದು ಬಗೆಯ ನುಸಿ ಇದೆ. ಕಣ್ಣಿಗೆ ಕಾಣುವುದೇ ಕಷ್ಟ. ಅಲರ್ಜಿ ಇರುವವರಿಗೆ, ಆಸ್ತಮಾ ಇರುವವರಿಗೆ ಅದರ ಹಿಕ್ಕೆ ದೊಡ್ಡ ತೊಂದರೆ ಕೊಡುತ್ತದೆ.

ಇನ್ನೊಂದು ಕಾರಣ ನಮ್ಮೊಳಗಿನದು. ಎಂಟು ವರ್ಷದಿಂದ ನಮ್ಮ ಜೊತೆ ದುಡಿಯುವ ಅಕ್ಕ ಒಬ್ಬರಿಗೆ ಕೆಮ್ಮು ಬಿಡಲೇ ಇಲ್ಲ. ಒಣ ಧೂಳಿನಿಂದ ದೂರ ಇರಿ ಎಂದರು ಡಾಕ್ಟರು. ದಿನಕ್ಕೆ ನಾಲ್ಕು ಮನೆ ಗುಡಿಸುವವರು ಹೇಗೆ ದೂರ ಇರುವುದು? ಅವರನ್ನು ಕೆಲಸದಿಂದ ಬಿಡಿಸಲು ನಮಗೆ ಮನಸ್ಸು ಬರಲಿಲ್ಲ. ಕೆಲಸದ ರೀತಿಯನ್ನೇ ಬದಲಿಸೋಣ ಅಂದುಕೊಂಡೆವು.

ಯೋಚಿಸಿದರೆ ಇದು ಹೊಸ ವಿದ್ಯೆಯೇನಲ್ಲ. ನಮ್ಮ ಅಜ್ಜಿಯರು ಅಂಗಳಕ್ಕೆ ನೀರು ಚಿಮುಕಿಸದೆ ಪೊರಕೆ ಮುಟ್ಟುತ್ತಿರಲಿಲ್ಲ, ಅಲ್ವಾ? ಅಂಗಳ, ಗೇಟಿನ ಮುಂದೆ ನಾವೂ ಹಾಗೇ ನೀರು ಚಿಮುಕಿಸಿ ಕಡ್ಡಿ ಪೊರಕೆಯಲ್ಲಿ ಗುಡಿಸುತ್ತೇವೆ.

ಒಳಗೆ ಕೆಲಸ ಮೇಲಿನಿಂದ ಕೆಳಕ್ಕೆ ನಡೆಯುತ್ತದೆ. ಮೊದಲು ಸಜ್ಜ, ಫ್ಯಾನಿನ ರೆಕ್ಕೆ. ಆಮೇಲೆ ಕಿಟಕಿ ಸರಳು, ಕಪಾಟು, ಮೇಜು. ಕೊನೆಗೆ ನೆಲ. ಆ ಹೊತ್ತಿನಲ್ಲಿ ದಯವಿಟ್ಟು ಫ್ಯಾನ್ ಹಾಕಬೇಡಿ. ಮೈಕ್ರೋಫೈಬರ್ ಬಟ್ಟೆಯನ್ನು ಗಟ್ಟಿಯಾಗಿ ಹಿಂಡಿ ಒರೆಸುತ್ತೇವೆ. ನೀರು ತೊಟ್ಟಿಕ್ಕುವ ಬಟ್ಟೆ ಧೂಳನ್ನು ಕೆಸರು ಮಾಡಿ ಬಳಿಯುತ್ತದೆ ಅಷ್ಟೇ. ನೆಲಕ್ಕೆ ಎರಡು ಬಕೆಟ್: ಒಂದರಲ್ಲಿ ಮಾಪ್ ತೊಳೆಯುವುದು, ಇನ್ನೊಂದರಲ್ಲಿ ಒಳ್ಳೆಯ ನೀರು. ಸೋಫಾ, ಹಾಸಿಗೆಗೆ ಹೆಪಾ ಫಿಲ್ಟರ್ ಇರುವ ವ್ಯಾಕ್ಯೂಮ್. ಹೆಪಾ ಅಂದರೆ 0.3 ಮೈಕ್ರಾನ್‌ನಷ್ಟು ಸಣ್ಣ ಕಣಗಳಲ್ಲೂ ನೂರಕ್ಕೆ ಸುಮಾರು 99.97 ಭಾಗವನ್ನು ಹಿಡಿಯುವ ಫಿಲ್ಟರ್. ಅಂಥ ಫಿಲ್ಟರ್ ಇಲ್ಲದ ಸಾಧಾರಣ ಮೆಷಿನ್ ಮುಂದೆ ಎಳೆದ ಸಣ್ಣ ಧೂಳನ್ನು ಹಿಂದಿನಿಂದ ಮತ್ತೆ ಮನೆಗೇ ಬಿಡುತ್ತದೆ. ಮೊದಲು ನಾವು ತಂದಿದ್ದು ಅಂಥದ್ದೇ. ಆರು ತಿಂಗಳಲ್ಲಿ ಮೂಲೆಗೆ ಹಾಕಿದೆವು.

ಫಿನಾಯಿಲ್ ವಾಸನೆ ಕಮ್ಮಿಯಾಯಿತು ಎಂದು ಕೆಲವರು ಕೇಳಬಹುದು. ಫಿನಾಯಿಲ್ ಧೂಳು ತೆಗೆಯುವುದಿಲ್ಲ. ಬಚ್ಚಲು, ಟಾಯ್ಲೆಟ್‌ಗೆ ಮಾತ್ರ ಇಟ್ಟುಕೊಂಡಿದ್ದೇವೆ. ಹಳೆಯ ಮನೆಗಳ ರೆಡ್ ಆಕ್ಸೈಡ್ ನೆಲಕ್ಕೆ ಆ್ಯಸಿಡ್ ಹಾಕುವುದೇ ಇಲ್ಲ, ಹೊಳಪು ಹೋಗುತ್ತದೆ.

ಇನ್ನು ದರ. ಎರಡು ರೂಮಿನ ಮನೆಗೆ ಒಂದು ಸಲಕ್ಕೆ 450 ರೂಪಾಯಿ ಇದ್ದದ್ದು 550 ಆಗುತ್ತದೆ. ಎರಡು ಗಂಟೆಯ ಕೆಲಸ ಎರಡೂವರೆ ಗಂಟೆ ಹಿಡಿಯುತ್ತದೆ. ಜಾಸ್ತಿಯಾದ 100ರಲ್ಲಿ 70 ರೂಪಾಯಿ ಕೆಲಸ ಮಾಡುವವರ ಕೈಗೆ ಹೋಗುತ್ತದೆ. ಉಳಿದ 30 ಫಿಲ್ಟರ್ ಮತ್ತು ಬಟ್ಟೆಗೆ. ಶುಕ್ರವಾರ ಬೆಳಗ್ಗೆ ಪೂಜೆಗೆ ಮುಂಚೆಯೇ ಬನ್ನಿ ಎಂದು ತುಂಬ ಮನೆಯವರು ಕೇಳುತ್ತೀರಿ. ಸಮಯ ಜಾಸ್ತಿ ಹಿಡಿಯುವುದರಿಂದ ಎಲ್ಲರಿಗೂ ಶುಕ್ರವಾರವೇ ಕೊಡಲು ಆಗುವುದಿಲ್ಲ. ಕೆಲವರು ಗುರುವಾರ ಮಧ್ಯಾಹ್ನಕ್ಕೆ ಒಪ್ಪಿಕೊಂಡರೆ ದೊಡ್ಡ ಉಪಕಾರ. ದೀಪ ಹಚ್ಚುವ ಹೊತ್ತಿಗೆ ಮುಂಚೆ ಕೆಲಸ ಮುಗಿಸುವ ಪದ್ಧತಿ ಹಾಗೇ ಇರುತ್ತದೆ.

ನಾವು ವಾರಕ್ಕೊಮ್ಮೆ ಬರುವವರು. ಉಳಿದ ಆರು ದಿನ ಮನೆ ನಿಮ್ಮ ಕೈಯಲ್ಲಿ. ಬಾಗಿಲ ಹೊರಗೊಂದು, ಒಳಗೊಂದು ಕಾಲೊರಸು ಹಾಕಿ, ಎರಡನ್ನೂ ವಾರಕ್ಕೊಮ್ಮೆ ಹೊರಗೆ ಒಯ್ದು ಕೊಡವಿ. ಬೇಸಿಗೆಯಲ್ಲಿ ರಸ್ತೆ ಕಡೆಯ ಕಿಟಕಿಯನ್ನು ವಾಹನ ಜಾಸ್ತಿ ಓಡಾಡುವ ಹೊತ್ತಿನಲ್ಲಿ ಮುಚ್ಚಿ, ಬೆಳಗಿನ ಜಾವ ತೆಗೆಯಿರಿ. ಬೆಡ್‌ಶೀಟ್, ದಿಂಬಿನ ಕವರ್‌ಗಳನ್ನು ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆಯಿರಿ. ವಾಷಿಂಗ್ ಮೆಷಿನ್‌ನಲ್ಲಿ 60 ಡಿಗ್ರಿ ಇದ್ದರೆ ಅದನ್ನೇ ಇಡಿ, ನುಸಿ ಸಾಯುವುದು ಅಷ್ಟು ಬಿಸಿಗೆ. ಮಳೆಗಾಲದ ತೇವದಲ್ಲಿ ನುಸಿ ಹೆಚ್ಚುತ್ತದೆ. ಬಿಸಿಲು ಕಂಡ ದಿನ ಹಾಸಿಗೆಯನ್ನು ಟೆರೇಸಿಗೆ ಹಾಕಿ.

ಹೊಸ ದರ ಬೇಡ ಅನ್ನುವವರು ಈ ತಿಂಗಳ ಕೊನೆಯೊಳಗೆ ತಿಳಿಸಿ. ಕೊಟ್ಟ ಮುಂಗಡವನ್ನು ಪೂರ್ತಿ ವಾಪಸ್ ಕೊಡುತ್ತೇವೆ. ಹಾಸನಾಂಬೆ ಬಾಗಿಲು ತೆಗೆಯುವ ದಿನಗಳಲ್ಲಿ ಎಲ್ಲರ ಮನೆಗೂ ನೆಂಟರು ಬರುತ್ತಾರೆ. ಆ ವಾರಕ್ಕೆ ನಾವು ಬೇಕಿದ್ದರೆ ಈಗಲೇ ದಿನ ಹೇಳಿಬಿಡಿ.

ಇಂತಿ,
ನಿಮ್ಮ ಮನೆಗೆ ಬರುವ ಹನ್ನೊಂದು ಮಂದಿ,
ಹಾಸನ