ನಮ್ಮ ಬಿಯರ್ ಪಟ್ಟಿಯ ಶೀರ್ಷಿಕೆಗಳನ್ನು ಬದಲಿಸುತ್ತಿರುವ ಬಗ್ಗೆ

ಮಾನ್ಯ ಗ್ರಾಹಕರೇ,

ಬರುವ ತಿಂಗಳ 1ನೇ ತಾರೀಖಿನಿಂದ ನಮ್ಮ ಮೈಕ್ರೋಬ್ರೂವರಿಯ ಗೋಡೆಯ ಹಲಗೆಯಲ್ಲಾಗಲಿ, ಮೇಜಿನ ಮೇಲಿನ ಮೆನುವಿನಲ್ಲಾಗಲಿ 'ಲಾಗರ್', 'ಏಲ್', 'ವೀಟ್', 'ಡಾರ್ಕ್', 'ಸ್ಟ್ರಾಂಗ್' ಎಂಬ ಐದು ಶೀರ್ಷಿಕೆಗಳು ಇರುವುದಿಲ್ಲ. ಬಿಯರ್‌ಗಳು ಅವೇ, ತಯಾರಿಸುವ ವಿಧಾನವೂ ಬೆಲೆಯೂ ಹಿಂದಿನಂತೆಯೇ. ಅವುಗಳನ್ನು ನಿಮಗೆ ಪರಿಚಯಿಸುವ ಕ್ರಮವೊಂದೇ ಬದಲಾಗುತ್ತಿದೆ. ಆ ಹಲಗೆಯನ್ನು ನೋಡಿಯೇ ಆರ್ಡರ್ ಹೇಳುತ್ತ ಬಂದಿರುವ ನಿಮಗೆ ಇದರ ಕಾರಣವನ್ನು ವಿವರವಾಗಿ ತಿಳಿಸಬೇಕೆಂದು ಈ ಪತ್ರ.

ಈ ಐದು ಶೀರ್ಷಿಕೆಗಳು ಒಂದೇ ಪ್ರಶ್ನೆಗೆ ಕೊಟ್ಟ ಐದು ಉತ್ತರಗಳಲ್ಲ. ಲಾಗರ್, ಏಲ್ ಎಂಬವು ಯಾವ ಯೀಸ್ಟ್ ಬಳಸಲಾಗಿದೆ ಎಂದು ಹೇಳುತ್ತವೆ. ವೀಟ್ ಎಂಬುದು ಧಾನ್ಯವನ್ನು, ಡಾರ್ಕ್ ಬಣ್ಣವನ್ನು, ಸ್ಟ್ರಾಂಗ್ ಆಲ್ಕೊಹಾಲ್ ಪ್ರಮಾಣವನ್ನು. ಬಾಲ್ಟಿಕ್ ಸಮುದ್ರದ ಸುತ್ತಲಿನ ದೇಶಗಳ ಪೋರ್ಟರ್ ಎಂಬ ಬಿಯರ್ ಕಡುಕಂದು ಬಣ್ಣದ್ದು, ಆಲ್ಕೊಹಾಲ್ ಹೆಚ್ಚಿರುವಂಥದ್ದು, ಬಹುಪಾಲು ಲಾಗರ್ ಯೀಸ್ಟಿನಿಂದ ಆಗುವಂಥದ್ದು. ನಮ್ಮ ಹಲಗೆಯಲ್ಲಿ ಅದಕ್ಕೆ ಮೂರು ಕಡೆ ಜಾಗವಿದೆ. ಯಾವುದೋ ಒಂದು ಕಡೆ ಬರೆದರೆ ಉಳಿದ ಎರಡು ಸಂಗತಿಗಳು ನಿಮಗೆ ತಿಳಿಯುವುದೇ ಇಲ್ಲ.

ಲಾಗರ್ ಮತ್ತು ಏಲ್‌ಗಳ ನಡುವಿನ ಭೇದ ಸುಳ್ಳೆಂದು ನಾವು ಹೇಳುತ್ತಿಲ್ಲ. ಬಿಯರ್ ತಯಾರಿಸುವ ನಮಗೆ ಅದು ದಿನನಿತ್ಯದ ಸತ್ಯ. ಏಲ್‌ಗೆ ಬಳಸುವ ಯೀಸ್ಟ್ ಸುಮಾರು 18ರಿಂದ 22 ಡಿಗ್ರಿ ಸೆಲ್ಸಿಯಸ್‌ನಲ್ಲಿ ಚುರುಕಾಗಿ ಹುದುಗಿಸಿ ಕೆಲವೇ ದಿನಗಳಲ್ಲಿ ತನ್ನ ಕೆಲಸ ಮುಗಿಸುತ್ತದೆ. ಲಾಗರ್ ಯೀಸ್ಟ್ 8ರಿಂದ 12 ಡಿಗ್ರಿಯ ತಂಪಿನಲ್ಲಿ ನಿಧಾನವಾಗಿ ಹುದುಗಿಸುತ್ತದೆ, ಆಮೇಲೆ ಇನ್ನೂ ಹೆಚ್ಚಿನ ತಂಪಿನಲ್ಲಿ ವಾರಗಟ್ಟಲೆ ಮಾಗಬೇಕಾಗುತ್ತದೆ. 1883ರಲ್ಲಿ ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಎಮಿಲ್ ಕ್ರಿಶ್ಚಿಯನ್ ಹ್ಯಾನ್ಸನ್ ಈ ಯೀಸ್ಟಿನ ಶುದ್ಧ ತಳಿಯನ್ನು ಬೇರ್ಪಡಿಸಿದರು. ಅದು ಏಲ್ ಯೀಸ್ಟ್ ಮತ್ತು ಇನ್ನೊಂದು ಕಾಡು ಯೀಸ್ಟ್ ಕೂಡಿ ಹುಟ್ಟಿದ ಮಿಶ್ರತಳಿ. ಆ ಎರಡನೆಯದು ಪ್ಯಾಟಗೋನಿಯಾದ ಕಾಡಿನಲ್ಲಿ ಸಿಕ್ಕಿದೆಯೆಂದು ವಿಜ್ಞಾನಿಗಳು 2011ರಲ್ಲಿ ಪ್ರಕಟಿಸಿದರು. ತಯಾರಕರಿಗೆ ಇಷ್ಟೆಲ್ಲ ಮುಖ್ಯವಾದ ಈ ಭೇದ ಗ್ಲಾಸಿನೊಳಗಿನ ರುಚಿಯನ್ನು ಹೇಳಲು ಮಾತ್ರ ಸಾಲುವುದಿಲ್ಲ. ಜರ್ಮನಿಯ ಕೋಲ್ನ್ ನಗರದ ಕ್ಯೋಲ್ಷ್ ಎಂಬ ಬಿಯರ್ ಏಲ್ ಯೀಸ್ಟಿನಿಂದ ಹುದುಗಿ, ನಂತರ ತಂಪಿನಲ್ಲಿ ಮಾಗಿ, ಹೊಂಬಣ್ಣದ ತಿಳಿ ಬಿಯರ್ ಆಗಿ ಬರುತ್ತದೆ. ಕಣ್ಣು ಮುಚ್ಚಿ ಕುಡಿದರೆ ಅದನ್ನು ಲಾಗರ್ ಎನ್ನುವವರೇ ಹೆಚ್ಚು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹತ್ತೊಂಬತ್ತನೆಯ ಶತಮಾನದ ತಯಾರಕರು ಸಾಕಷ್ಟು ಮಂಜುಗಡ್ಡೆ ಸಿಗದೆ ಲಾಗರ್ ಯೀಸ್ಟನ್ನು ಬೆಚ್ಚಗಿನ ಹವೆಯಲ್ಲೇ ಹುದುಗಿಸಿದರು; ಆ ಪದ್ಧತಿಯ ಬಿಯರ್‌ನಲ್ಲಿ ಏಲ್‌ನ ಹಾಗೆ ಹಣ್ಣಿನ ಪರಿಮಳ ಬರುತ್ತದೆ. ಲಾಗರ್ ಎಂದರೆ ತಿಳಿಹಳದಿ ಎಂಬ ನಂಬಿಕೆಯೂ ಈಚಿನದು. 1842ರಲ್ಲಿ ಇಂದಿನ ಚೆಕ್ ಗಣರಾಜ್ಯಕ್ಕೆ ಸೇರಿದ ಬೊಹೀಮಿಯಾದ ಪ್ಲ್‌ಜೆನ್ ಪಟ್ಟಣದಲ್ಲಿ ಯೋಸೆಫ್ ಗ್ರೋಲ್ ತಿಳಿಬಣ್ಣದ ಮಾಲ್ಟಿನಿಂದ (ಮೊಳಕೆ ಬರಿಸಿ ಒಣಗಿಸಿದ ಧಾನ್ಯದಿಂದ) ಪಿಲ್ಸ್‌ನರ್ ತಯಾರಿಸುವ ಮುನ್ನ ಜರ್ಮನಿಯ ಬವೇರಿಯಾದ ಲಾಗರ್‌ಗಳು ಸಾಮಾನ್ಯವಾಗಿ ಕಂದುಬಣ್ಣದವೇ ಆಗಿದ್ದವು, ಮ್ಯೂನಿಕ್‌ನ ಡುಂಕೆಲ್ ಇಂದಿಗೂ ಹಾಗೆಯೇ ಇದೆ.

ನಮ್ಮ ದೇಶದಲ್ಲಿ ಗೊಂದಲ ಇನ್ನೊಂದು ಬಗೆಯದು. ಬಾಟಲಿ ಬಿಯರ್ ಮಾರುವ ಕಡೆಗಳಲ್ಲಿ 'ಲಾಗರ್ ಬೇಕೋ, ಸ್ಟ್ರಾಂಗ್ ಬೇಕೋ' ಎಂದು ಕೇಳುವುದು ರೂಢಿ. ಇವೆರಡೂ ಎದುರುಬದುರಾದ ಜಾತಿಗಳೆಂದು ಅನ್ನಿಸುವುದು ಸಹಜ, ಆದರೆ ಅಲ್ಲಿ ಸಿಗುವ ಸ್ಟ್ರಾಂಗ್ ಬಿಯರ್‌ಗಳು ಕೂಡ ಬಹುತೇಕ ಲಾಗರ್‌ಗಳೇ. ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ 2018ರ ಮಾನದಂಡಗಳ ಪ್ರಕಾರ ಆಲ್ಕೊಹಾಲ್ ಶೇಕಡಾ 5ರವರೆಗೆ ಇದ್ದರೆ ರೆಗ್ಯುಲರ್, ಅದನ್ನು ಮೀರಿ 8ರವರೆಗೆ ಇದ್ದರೆ ಸ್ಟ್ರಾಂಗ್. ಕಾನೂನಿಗೆ ಇಂಥ ಒಂದು ಗೆರೆ ಬೇಕು, ಅದನ್ನು ನಾವು ಪಾಲಿಸುತ್ತೇವೆ. ಆದರೆ ಆ ಗೆರೆಯನ್ನೇ ರುಚಿಯ ವರ್ಗವಾಗಿ ಬಳಸಿದರೆ, ಶೇಕಡಾ 5.4 ಇರುವ ಹೆಫೆವೈಜನ್ ಎಂಬ ಮೃದುವಾದ ಗೋಧಿ ಬಿಯರ್ ಸ್ಟ್ರಾಂಗ್ ಸಾಲಿಗೂ, ಶೇಕಡಾ 4.2 ಇರುವ ಕಪ್ಪು ಸ್ಟೌಟ್ ಹಗುರದ ಸಾಲಿಗೂ ಹೋಗಬೇಕಾಗುತ್ತದೆ. ಸ್ಟೌಟ್‌ನ ಬಣ್ಣ ನೋಡಿ 'ಇದು ನನಗೆ ಜಾಸ್ತಿಯಾದೀತು' ಎಂದು ಹಿಂಜರಿದ ಹಲವರು ಅದಕ್ಕಿಂತ ಹೆಚ್ಚು ಆಲ್ಕೊಹಾಲ್ ಇರುವ ಹೊಂಬಣ್ಣದ ಬಿಯರ್ ತರಿಸಿಕೊಳ್ಳುವುದನ್ನು ನಮ್ಮ ಸಿಬ್ಬಂದಿ ದಿನವೂ ನೋಡುತ್ತಾರೆ. ಬಾಣಲೆಯಲ್ಲಿ ಕಪ್ಪಗಾಗುವಷ್ಟು ಹುರಿದಂಥ ಬಾರ್ಲಿ ಒಟ್ಟು ಧಾನ್ಯದ ಹತ್ತನೇ ಒಂದು ಭಾಗದಷ್ಟು ಬಿದ್ದರೆ ಸಾಕು, ಇಡೀ ಬಿಯರ್ ಕಪ್ಪಾಗುತ್ತದೆ. ಆ ಕಪ್ಪಿಗೂ ಆಲ್ಕೊಹಾಲಿಗೂ ಸಂಬಂಧವಿಲ್ಲ.

ಈ ನಿರ್ಧಾರಕ್ಕೆ ನಮ್ಮನ್ನು ಮುಖ್ಯವಾಗಿ ತಂದದ್ದು 'ವೀಟ್' ಎಂಬ ಶೀರ್ಷಿಕೆ. ಬೆಂಗಳೂರಿನ ಮೈಕ್ರೋಬ್ರೂವರಿಗಳಲ್ಲಿ ಬಹಳ ಜನಕ್ಕೆ ಇಷ್ಟವಾದ ಎರಡು ಬಿಯರ್‌ಗಳು, ಹೆಫೆವೈಜನ್ ಮತ್ತು ಬೆಲ್ಜಿಯನ್ ವಿಟ್, ಇದೇ ಶೀರ್ಷಿಕೆಯಡಿ ಇವೆ. ಬವೇರಿಯಾದ ಹೆಫೆವೈಜನ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ಗೋಧಿ ಮಾಲ್ಟ್ ಇರುತ್ತದೆ. ಅದರ ಬಾಳೆಹಣ್ಣು ಮತ್ತು ಲವಂಗದ ಪರಿಮಳ ಹೊರಗಿನಿಂದ ಹಾಕಿದ್ದಲ್ಲ, ಪೂರ್ತಿಯಾಗಿ ಯೀಸ್ಟಿನ ಕೊಡುಗೆ. ಹುದುಗಿಸುವಾಗ ಉಷ್ಣತೆಯನ್ನು ಒಂದೆರಡು ಡಿಗ್ರಿ ಏರಿಸಿದರೆ ಬಾಳೆಹಣ್ಣು ಮುಂದೆ ಬರುತ್ತದೆ, ಇಳಿಸಿದರೆ ಲವಂಗ ಎದ್ದು ಕಾಣುತ್ತದೆ. ಬೆಲ್ಜಿಯಂನ ವಿಟ್‌ಗೆ ಮೊಳಕೆ ಬರಿಸದ ಹಸಿ ಗೋಧಿ ಬೇಕು. ಕುದಿಯುವ ಕೊನೆಯಲ್ಲಿ ಕುಟ್ಟಿದ ಕೊತ್ತಂಬರಿ ಬೀಜ ಮತ್ತು ಒಣಗಿಸಿದ ಕಿತ್ತಳೆ ಸಿಪ್ಪೆ ಬೀಳುತ್ತವೆ. ಹೂಗಾರ್ಡನ್ ಊರಿನಲ್ಲಿ ನಿಂತೇಹೋಗಿದ್ದ ಈ ಪದ್ಧತಿಗೆ 1960ರ ದಶಕದಲ್ಲಿ ಪಿಯರ್ ಸೆಲಿಸ್ ಮರುಜೀವ ಕೊಟ್ಟರು. ಬರ್ಲಿನ್ನಿನ ವೈಸ್ ಕೂಡ ಗೋಧಿಯದೇ, ಆದರೆ ಅದು ಮಜ್ಜಿಗೆಯಂತೆ ಹುಳಿ. ಧಾನ್ಯ ಒಂದೇ ಎಂಬ ಕಾರಣಕ್ಕೆ ಈ ಮೂರನ್ನೂ ಒಟ್ಟಿಗೆ ಬರೆದರೆ, 'ಹೋದ ಸಲ ಕುಡಿದ ವೀಟ್ ಬಿಯರ್ ಕೊಡಿ' ಎಂದು ಕೇಳುವವರಿಗೆ ಬೇಕಾದುದು ಸಿಗುವ ಭರವಸೆಯಿಲ್ಲ.

ಹೊಸ ಪಟ್ಟಿಯಲ್ಲಿ ಬಿಯರ್‌ಗಳು ಹಗುರದಿಂದ ಭಾರದ ಕಡೆಗೆ ಒಂದೇ ಸಾಲಾಗಿ ಇರುತ್ತವೆ. ಪ್ರತಿಯೊಂದರ ಕೆಳಗೂ ಅದರ ಧಾನ್ಯ, ಮುಖ್ಯವಾದ ರುಚಿ ಮತ್ತು ಪರಿಮಳ, ಕಹಿ ಕಡಿಮೆಯೋ ಮಧ್ಯಮವೋ ಹೆಚ್ಚೋ ಎಂಬುದು, ಆಲ್ಕೊಹಾಲಿನ ಶೇಕಡಾವಾರು ಪ್ರಮಾಣ ಇಷ್ಟನ್ನು ಬರೆಯುತ್ತೇವೆ. ಕಹಿಯನ್ನು ಅಳೆಯುವ ಐಬಿಯು ಅಂಕಿಯನ್ನು ಬೇಕೆಂದೇ ಬಿಟ್ಟಿದ್ದೇವೆ. 35 ಐಬಿಯು ಇರುವ ಪಿಲ್ಸ್‌ನರ್ ನಾಲಿಗೆಗೆ ಚುರುಕಾಗಿ ಕಹಿಯೆನಿಸಿದರೆ, ಅಷ್ಟೇ ಐಬಿಯುವಿನ ಸಿಹಿ ಸ್ಟೌಟ್‌ನಲ್ಲಿ ಮಾಲ್ಟಿನ ಸಿಹಿ ಆ ಕಹಿಯನ್ನು ಮುಚ್ಚಿಬಿಡುತ್ತದೆ. ಪಿಲ್ಸ್‌ನರ್, ಹೆಫೆವೈಜನ್, ವಿಟ್, ಸ್ಟೌಟ್ ಮುಂತಾದ ನಿರ್ದಿಷ್ಟ ಹೆಸರುಗಳು ಉಳಿಯುತ್ತವೆ, ಏಕೆಂದರೆ ಅವು ಒಂದು ಊರಿನ ಅಥವಾ ಒಂದು ಪದ್ಧತಿಯ ಹೆಸರುಗಳು ಮತ್ತು ರುಚಿಯ ಬಗ್ಗೆ ಏನನ್ನಾದರೂ ಖಚಿತವಾಗಿ ಹೇಳುತ್ತವೆ. ಐಪಿಎ (ಇಂಡಿಯಾ ಪೇಲ್ ಏಲ್) ಎಂಬುದನ್ನೂ ಉಳಿಸಿಕೊಂಡಿದ್ದೇವೆ, ಆದರೆ ಒಂಟಿಯಾಗಿ ಅಲ್ಲ. ಬಿಯರ್‌ಗೆ ಕಹಿಯನ್ನೂ ಪರಿಮಳವನ್ನೂ ಕೊಡುವ ಹಾಪ್ಸ್ ಹೂವನ್ನು ಹೆಚ್ಚು ಹೊತ್ತು ಕುದಿಸಿದರೆ ಕಹಿ ಜಾಸ್ತಿಯಾಗುತ್ತದೆ, ಕುದಿ ಮುಗಿದ ಮೇಲೆ ಹಾಕಿದರೆ ಮಾವು, ಮೂಸಂಬಿಯಂಥ ಪರಿಮಳ ಮಾತ್ರ ಹೆಚ್ಚುತ್ತದೆ. ಇವತ್ತು ಎರಡೂ ಬಗೆಯವಕ್ಕೆ ಐಪಿಎ ಎಂದೇ ಹೆಸರಿರುವುದರಿಂದ 'ಕಹಿ ಐಪಿಎ', 'ಮಬ್ಬು ಐಪಿಎ' ಎಂದು ಬಿಡಿಸಿ ಬರೆಯುತ್ತೇವೆ.

ಗ್ಲಾಸಿನ ಅಳತೆಯೂ ಈಗ ಆಲ್ಕೊಹಾಲಿಗೆ ತಕ್ಕಂತೆ ನಮೂದಾಗಿರುತ್ತದೆ. ಶೇಕಡಾ 4.5ರ ಬಿಯರ್ 500 ಮಿಲಿಲೀಟರ್ ಕುಡಿದರೂ ಶೇಕಡಾ 7.5ರದ್ದನ್ನು 300 ಮಿಲಿಲೀಟರ್ ಕುಡಿದರೂ ದೇಹಕ್ಕೆ ಸೇರುವ ಆಲ್ಕೊಹಾಲ್ 22.5 ಮಿಲಿಲೀಟರೇ. 'ಸ್ಟ್ರಾಂಗ್' ಎಂಬ ಒಂದು ಮಾತಿಗಿಂತ ಈ ಲೆಕ್ಕ ನಿಮಗೆ ಹೆಚ್ಚು ಉಪಯೋಗಕ್ಕೆ ಬರುತ್ತದೆಂದು ನಾವು ನಂಬಿದ್ದೇವೆ.

ನಿಮ್ಮ ಮೆಚ್ಚಿನ ಬಿಯರ್ ಹೊಸ ಪಟ್ಟಿಯಲ್ಲಿ ಕಾಣದಿದ್ದರೆ ಹಳೆಯ ಶೀರ್ಷಿಕೆಯನ್ನೇ ಹೇಳಿ ಕೇಳಿ, ಸಿಬ್ಬಂದಿ ಅದನ್ನು ತೋರಿಸಿಕೊಡುತ್ತಾರೆ. ಮೊದಲ ತಿಂಗಳು ಪೂರ್ತಿ ಯಾವುದೇ ಬಿಯರ್‌ನ 60 ಮಿಲಿಲೀಟರ್ ಮಾದರಿಯನ್ನು ಕೇಳಿದವರಿಗೆ ಹಣ ಪಡೆಯದೆ ಕೊಡಲಾಗುತ್ತದೆ. ಗೋಧಿ ಅಥವಾ ಹಾಲಿನ ಅಂಶ ಒಗ್ಗದವರು ದಯವಿಟ್ಟು ಧಾನ್ಯದ ಸಾಲನ್ನು ಓದಿ: ಬಾರ್ಲಿಯಲ್ಲೂ ಗ್ಲುಟೆನ್ ಇರುತ್ತದೆ, ಮಿಲ್ಕ್ ಸ್ಟೌಟ್‌ಗೆ ಲ್ಯಾಕ್ಟೋಸ್ ಸೇರಿಸಿರುತ್ತೇವೆ, ಇವೆರಡನ್ನೂ ಅದೇ ಸಾಲಿನಲ್ಲಿ ದಪ್ಪಕ್ಷರದಲ್ಲಿ ಮುದ್ರಿಸಿದ್ದೇವೆ.

ಇಂತಿ ನಿಮ್ಮ ವಿಶ್ವಾಸಿಗಳು,
ಬ್ರೂಮಾಸ್ಟರ್ ಮತ್ತು ಪಾಲುದಾರರು